ಡೊಳ್ಳಿನ ಪೆಟ್ಟಿಗೆ ಡ್ರೈವರ್ ಬೀಸಿದೆ

ನಾಲ್ಕನೇ ಚೆಂಡು ಹೋಗಿ ನಿಂಗಪ್ಪ ಕಾಕಾನ ಕುರಿ ಹಿಂಡಿನ ನಡುವೆ ಬಿತ್ತು.

ಪುಣ್ಯಕ್ಕೆ ಯಾವ ಕುರಿಗೂ ತಾಗಲಿಲ್ಲ. ಕಾಕಾ ಬದುವಿನ ಮೇಲೆ ನಿಂತು ಕೂಗಿದರು. "ಯವ್ವಾ ಸುನಂದಾ, ನನ್ನ ಕುರಿ ನಿನಗೇನ್ ಮಾಡ್ಯಾವ?"

ನನ್ನ ಕೈಯಲ್ಲಿ ಗಾಲ್ಫ್ ಆಡುವ ಉದ್ದನೆಯ ಕೋಲು, ಡ್ರೈವರ್. ಪಕ್ಕದಲ್ಲಿ ಡೊಳ್ಳು ಕಟ್ಟಿಕೊಂಡು ನಿಂತ ತಮ್ಮ ಬೀರೇಶ. ಸುತ್ತ ಮರೋಳದ ನಮ್ಮ ತವರಿನ ಹೊಲ, ಜೋಳ ಕೊಯ್ದು ಖಾಲಿ ಬಿದ್ದಿದೆ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ನಾನು ಇಳಕಲ್ಲಿನ ಒಂದು ಗ್ರಾನೈಟ್ ಕಂಪನಿಯಲ್ಲಿ ಎಕ್ಸ್‌ಪೋರ್ಟ್ ಕೆಲಸ ನೋಡಿಕೊಳ್ಳುತ್ತೇನೆ. ವಿದೇಶದ ಬೈಯರ್‌ಗಳ ಮೇಲ್, ಫೋನ್, ಅವರ ಸಿಟ್ಟು ಸೆಡವು ಎಲ್ಲ ನನ್ನ ಪಾಲಿಗೆ. ಅವರ ಮುಖ ನೋಡುವ ಭಾಗ್ಯ ಮಾತ್ರ ಬೇರೆಯವರದು.

ಯಾಕಂದರೆ ವರ್ಷಕ್ಕೊಮ್ಮೆ ಅವರು ಬೆಂಗಳೂರಿಗೆ ಬಂದಾಗ ಮಾತುಕತೆಯೆಲ್ಲ ಗಾಲ್ಫ್ ಮೈದಾನದಲ್ಲಿ. ನಮ್ಮ ಸಾವ್ಕಾರರು ಸೇಲ್ಸ್‌ನ ಮಹಾಂತೇಶ್ ಅವರನ್ನು ಕರೆದುಕೊಂಡು ಹೋಗುತ್ತಾರೆ. ಮಹಾಂತೇಶ್ ಡ್ರೈವರ್ ಹಿಡಿದರೆ ಕಟ್ಟಿಗೆ ಒಡೆಯಲು ನಿಂತ ಹಾಗೆ ಕಾಣುತ್ತದೆ... ಆದರೂ ಅವರೇ.

ವಾಪಸ್ ಬಂದು ಬೈಯರ್ ಹೇಳಿದ್ದನ್ನು ಅರ್ಧಂಬರ್ಧ ಹೇಳುತ್ತಾರೆ. ಆ ಗೊಂದಲ ಬಿಡಿಸಲು ನಾನು ವಾರಗಟ್ಟಲೆ ಫೋನ್ ಹಿಡಿದು ಕೂರಬೇಕು.

ಈ ಸಲ ನಾನೂ ಬರುತ್ತೇನೆ ಅಂದೆ. ಸಾವ್ಕಾರರು ನಕ್ಕರು. "ಮೊದ್ಲ ಒಂದು ಚೆಂಡು ನೆಟ್ಟಗ ಹೊಡದು ತೋರಸ್ರಿ ಮೇಡಂ. ಆಮ್ಯಾಲ ನೋಡೂಣು." ತಮ್ಮದೊಂದು ಹಳೆಯ ಡ್ರೈವರ್ ಕೂಡ ಕೊಟ್ಟರು.

ಆನ್‌ಲೈನ್ ಕೋಚ್ ಒಬ್ಬರನ್ನು ಹಿಡಿದೆ. ನನ್ನ ವಿಡಿಯೋ ನೋಡಿ ಅವರು ಹೇಳಿದ್ದು ಒಂದೇ ಮಾತು, ಅವಸರ. ಡ್ರೈವರ್ ನಿಧಾನವಾಗಿ ಹಿಂದಕ್ಕೆ ಎತ್ತಬೇಕು, ಮೇಲೆ ಒಂದು ಗಳಿಗೆ ತಡೆಯಬೇಕು, ಆಮೇಲೆ ಬೀಸಬೇಕು. ನಾನು ತಡೆಯುವುದೇ ಇಲ್ಲವಂತೆ.

ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಲಯ ಹಿಡಿದುಕೊಳ್ಳಿ ಅಂದರು.

ನಮ್ಮದು ಬೀರಪ್ಪ ದೇವರ ಒಕ್ಕಲು. ಲಯ ಅಂದರೆ ನಮಗೆ ಡೊಳ್ಳಲ್ಲದೆ ಇನ್ನೇನಿದೆ?

ಬೀರೇಶನಿಗೆ ಹೇಳಿದ್ದೇ ತಡ, ಡೊಳ್ಳು ಸಮೇತ ಹಾಜರ್. ಅವನು ಬಾರಿಸಿದ, ನಾನು ಬೀಸಿದೆ. ಮೊದಲ ಚೆಂಡು... ಆಹಾ! ನೆಟ್ಟಗೆ ಹಾರಿ ದೂರದ ಬೇವಿನ ಮರ ದಾಟಿತು. ಖುಷಿಗೆ ತಮ್ಮನನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಎರಡನೆಯದು ಪರವಾಗಿಲ್ಲ. ಮೂರನೆಯದು ಬಲಕ್ಕೆ ತಿರುಗಿತು. ನಾಲ್ಕನೆಯದರ ಕಥೆ ಕುರಿಗಳಿಗೆ ಗೊತ್ತು.

ಪ್ರತಿ ಭಾನುವಾರ ಇದೇ ಹಾಡು. ಕೈ ಹಿಡಿತ ಬದಲಿಸಿದೆ, ನಿಲ್ಲುವ ರೀತಿ ಬದಲಿಸಿದೆ, ಚಪ್ಪಲಿ ಬಿಟ್ಟು ಶೂ ಹಾಕಿದೆ. ಎರೆ ಹೊಲದ ಬಿರುಕುಗಳು ಚೆಂಡು ನುಂಗಿದ್ದೇ ಬಂತು. ಬುತ್ತಿ ತಂದ ಅವ್ವ ನೋಡುವಷ್ಟು ನೋಡಿ, "ಇಷ್ಟು ಜೋರ ಬೀಸೂದು ಮನ್ಯಾಗ ಕಸಬರಗಿ ಬೀಸಿದ್ರ ಅಂಗಳಾನರ ಹಸನ ಆಗ್ತಿತ್ತು" ಅಂದಳು.

ಕೊನೆಗೆ ಒಂದು ದಿನ ನನ್ನ ವಿಡಿಯೋವನ್ನೇ ಹಾಕಿಕೊಂಡು ಕೂತೆ. ನೋಡಿ ನೋಡಿ ಬೇಸತ್ತು ಕಣ್ಣು ಮುಚ್ಚಿದೆ, ಬರೀ ಸದ್ದು ಕೇಳಿಸಿತು.

ಮೊದಲ ಚೆಂಡಿಗೆ ಡೊಳ್ಳು ನಿಧಾನ. ಎರಡನೆಯದಕ್ಕೆ ಸ್ವಲ್ಪ ಚುರುಕು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಗುಡಿಯ ಮುಂದೆ ಕುಣಿತ ರಂಗೇರಿದಾಗ ಬಾರಿಸುವ ಹಾಗೆ ಬಾರಿಸುತ್ತಿದ್ದಾನೆ ಪುಣ್ಯಾತ್ಮ! ನನ್ನ ಕೈ ಅದರ ಹಿಂದೆಯೇ ಓಡುತ್ತಿದೆ.

ಕೇಳಿದರೆ ನನಗೇ ತಿರುಗಿ ಬಿದ್ದ. "ಮತ್ತ ಡೊಳ್ಳು ಅಂದ್ರ ಏರಬೇಕಲ್ಲಕ್ಕಾ! ಒಂದ ಸಮ ಬಾರ್ಸಿದ್ರ ಬೀರಪ್ಪ ನಿದ್ದಿ ಹೊಡೀತಾನ."

ಹೊಲದಲ್ಲೇ ತಲೆ ಮೇಲೆ ಕೈ ಹೊತ್ತು ಕೂತೆ. ಹುಟ್ಟಿದಾಗಿನಿಂದ ಕೇಳಿದ ಡೊಳ್ಳು, ಅದು ಏರುತ್ತದೆ ಅನ್ನುವುದು ನನಗಾದರೂ ಹೊಳೆಯಬಾರದಿತ್ತೇ?

ಶುರುವಿನ ಪೆಟ್ಟುಗಳನ್ನಷ್ಟೇ ಬಾರಿಸಿ ನಿಲ್ಲಿಸು ಅಂದೆ. ನಿಲ್ಲಿಸುವುದು ಅವನ ಕೈಯಲ್ಲಿ ಆಗಲಿಲ್ಲ. ಇಬ್ಬರಿಗೂ ಜಗಳವಾಗಿ, ಅವನು ಡೊಳ್ಳು ಹೊತ್ತು ಮನೆಗೆ ಹೋದ.

ಆಮೇಲೆ ಒಬ್ಬಳೇ. ಆ ಶುರುವಿನ ಪೆಟ್ಟನ್ನು ಬಾಯಲ್ಲೇ ಹೇಳಿಕೊಳ್ಳುವುದು, ಬೀಸುವುದು, ನಿಲ್ಲುವುದು. ಮತ್ತೆ ಹೊಸದಾಗಿ ಶುರು.

ಕಳೆದ ಶನಿವಾರ ಸಾವ್ಕಾರರ ಮುಂದೆ ಪರೀಕ್ಷೆ, ಪಾಲಿಶಿಂಗ್ ಯೂನಿಟ್ಟಿನ ಹಿಂದಿನ ಬಯಲಿನಲ್ಲಿ. ಇಡೀ ಆಫೀಸು ಹೊರಗೆ ಬಂದಿದೆ. ಮಹಾಂತೇಶ್ ಚಪ್ಪಾಳೆ ತಟ್ಟಲು ಶುರು ಮಾಡಿದರು, ಎಲ್ಲರೂ ಕೂಡಿಕೊಂಡರು. ಚಪ್ಪಾಳೆ ಏರುತ್ತಾ ಹೋಗುತ್ತಿದೆ...

ನಾನು ಡ್ರೈವರ್ ಕೆಳಗಿಟ್ಟು ನಿಂತೆ. ತಟ್ಟಿ ತಟ್ಟಿ ಅವರಿಗೇ ಸಾಕಾಯಿತು.

ಆಮೇಲೆ ಡ್ರೈವರ್ ಎತ್ತಿಕೊಂಡು ನಿಧಾನವಾಗಿ ಹಿಂದಕ್ಕೆ. ತಡೆದೆ. ಬೀಸಿದೆ.

ಚೆಂಡು ಕೆಂಪು ಕಲ್ಲಿನ ಬ್ಲಾಕುಗಳನ್ನೆಲ್ಲ ದಾಟಿ ನೆಟ್ಟಗೆ ಹೋಯಿತು.

"ಭೇಷ್!" ಅಂದರು ಸಾವ್ಕಾರರು. "ಭಾಳ ಚಂದ ಕಲ್ತೀರಿ. ಈ ವರ್ಷ ಮಹಾಂತೇಶ ಹೋಗ್ಲಿ, ಮುಂದಿನ ವರ್ಷ ನಿಮ್ಮದು ನೋಡೂಣು. ಅವಸರ ಯಾಕ್ರಿ?"

ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ನನ್ನ ಬಳಿಯಿದ್ದ ಆಫೀಸ್ ಫೋನ್ ರಿಂಗಾಯಿತು. ಇಟಲಿಯ ಬೈಯರ್, ನಾಲ್ಕು ದಿನದಿಂದ ಕುದಿಯುತ್ತಿರುವ ಮನುಷ್ಯ. ಎಲ್ಲರೂ ಎಂದಿನಂತೆ ನನ್ನ ಮುಖ ನೋಡಿದರು.

ಫೋನನ್ನು ಮಹಾಂತೇಶ್ ಕೈಗೆ ಕೊಟ್ಟೆ. "ತಗೋರಿ ಸರ್. ಹೋಗಾವ್ರು ನೀವು, ಮಾತಾಡಾವ್ರೂ ನೀವ ಆಗ್ರಿ."

ಅವರು ಫೋನ್ ನೋಡಿದರು, ಸಾವ್ಕಾರರನ್ನು ನೋಡಿದರು. ಅದು ರಿಂಗಾಗುತ್ತಲೇ ಇದೆ. ನಾನು ಇನ್ನೊಂದು ಚೆಂಡು ಇಟ್ಟು, ಬಾಯಲ್ಲಿ ಶುರುವಿನ ಪೆಟ್ಟು ಹೇಳಿಕೊಳ್ಳತೊಡಗಿದೆ.

"ಆತ್ರೀ ಯವ್ವಾ, ಬೆಂಗಳೂರಿಗೆ ನಿಮ್ಮದೂ ಟಿಕೆಟ್ ಮಾಡಸ್ತೇನಿ, ಮೊದ್ಲ ಆ ಫೋನ್ ಎತ್ರಿ!" ಅಂದರು ಸಾವ್ಕಾರರು.

ಡ್ರೈವರ್ ಬೀಸುವಾಗ ಅವಸರ ಮಾಡಬಾರದು, ಒಪ್ಪಿದೆ. ಆದರೆ ಇಷ್ಟು ವರ್ಷ ಕಾದವಳಿಗೂ "ಅವಸರ ಯಾಕೆ" ಅನ್ನುವವರಿಗೆ ನೀವಾದರೆ ಏನು ಹೇಳುತ್ತಿದ್ದಿರಿ?