ಮುದುಕಿಗೆ ಕರೀ ದಾರೂ

ನನ್ನನ್ನು ಸಾಕಿದ ಕಾಕಾ ಬಂದೂಕಿಗೆ ಬಿಸಿನೀರಿನ ಸ್ನಾನ ಮಾಡಿಸುತ್ತಿದ್ದರು. ಭಾನುವಾರ ರೈಫಲ್ ಕ್ಲಬ್ಬಿನಿಂದ ಮುಖವೆಲ್ಲ ಮಸಿಯಾಗಿ ತಾರ್ನಾಕದ ಮನೆಗೆ ಬಂದರೆ ಚಹಾಕ್ಕೂ ಮೊದಲು ಅದರ ನೀರಿಗೆ ಕಿಟ್ಲಿ ಒಲೆಗೇರಬೇಕು. ನಳಿಗೆಯೊಳಗೆ ಸುರಿದು, ಉದ್ದ ಕೋಲಿಗೆ ಬಟ್ಟೆ ಸುತ್ತಿ, ಬೆನ್ನುಜ್ಜಿದ ಹಾಗೆ ಉಜ್ಜುವರು. ಮುತ್ತಜ್ಜನ ಕಾಲದ ಆ ರೈಫಲ್ಲಿಗೆ ಅವರಿಟ್ಟ ಹೆಸರು ಮುದುಕಿ.

ಲೈಸೆನ್ಸು ಇಟ್ಟುಕೊಂಡು ಅದರ ತೋಟಾಗಳನ್ನು ತಾವೇ ತುಂಬುತ್ತಿದ್ದರು. ಮದ್ದು ಆರಿಸುವ ಹೊತ್ತಿಗೆ ಮನೆಯಲ್ಲಿ ಒಗ್ಗರಣೆಯೂ ಬಂದ್. ಕರಿಮದ್ದಿನ ಕಾಳನ್ನು ಕಾಗದದ ಮೇಲೆ ಹರಡಿ ಹೆಂಡತಿಗೆ, ಅಂದರೆ ನನ್ನ ಕಾಕುಗೆ, ತೋರಿಸುವರು: "ಇದು ಶಿರಾದ ರವಾ, ಇದು ಉಪ್ಪಿಟ್ಟಿಂದು. ನಮ್ಮ ಮುದುಕಿ ಬಾಯಿ ದೊಡ್ಡದು, ದಪ್ಪಂದೇ ಬೇಕು." ಹೊಗೆಯಿಲ್ಲದ ಹೊಸ ಮದ್ದಿಗೆ ಅವರು ಬಿಳೀದು ಅನ್ನುತ್ತಿದ್ದರು, ಅದರ ರಭಸವನ್ನು ಹಳೇ ನಳಿಗೆ ತಡೆಯದು. ಬೀದರ್ ಕಡೆಯವರಾದ್ದರಿಂದ ಅವರ ಬಾಯಲ್ಲಿ ಬಂದೂಕಿನ ಮದ್ದೆಲ್ಲ ದಾರೂ.

ಈ ದಾರೂ ನನ್ನ ಮದುವೆಯನ್ನೇ ಮುರಿಯುವುದರಲ್ಲಿತ್ತು. ಹುಡುಗಿಯನ್ನು ನೋಡಿ ನಾನು ಆಗಲೇ ಮನಸೋತಿದ್ದೆ. ಆಕೆಯ ಅಪ್ಪ ನಮ್ಮ ಮನೆ ನೋಡಲು ರಾಯಚೂರಿನಿಂದ ಬಂದು, ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟಿದ್ದರು. ಪಕ್ಕದ ಕುರ್ಚಿಯಲ್ಲಿ ಕಾಕಾನ ತಾಯಿ, ನಮ್ಮ ಅಜ್ಜಿ, ತೂಕಡಿಸುತ್ತಿದ್ದಳು. ಒಳಗೆ ಕಾಕಾ ಕ್ಲಬ್ಬಿನವರೊಡನೆ ಫೋನಿನಲ್ಲಿ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು:

"ಮುದುಕಿಗೆ ಕರೀ ದಾರೂನೇ ಹಾಕಬೇಕ್ರೀ! ಬಿಳೀದು ಹಾಕಿದ್ರ ಹೊಟ್ಟಿ ಒಡೀತದ. ಕರೀದಕ್ಕ ಹೊಗಿ ಬಿಡ್ತಾಳ, ಒದರ್ತಾಳ, ಆಮ್ಯಾಲ ಬಿಸಿನೀರು ಸುರದ್ರ ಸುಮ್ಮಾಗ್ತಾಳ!"

ರಾಯಚೂರಿನವರಿಗೆ ದಾರೂ ಅಂದರೆ ಕುಡಿಯುವುದೊಂದೇ. ಅವರು ಅಜ್ಜಿಯನ್ನು ನೋಡಿದರು. ಅಜ್ಜಿಯ ತಲೆ ಒಂದು ಕಡೆಗೆ ವಾಲಿತು. ಬಿಟ್ಟ ಚಪ್ಪಲಿ ಮತ್ತೆ ಕಾಲಿಗೆ ಹೋಯಿತು.

"ವಯಸ್ಸಾದಾಕಿಗೆ ಕುಡಸ್ತೀರೇನ್ರೀ? ಇಂಥ ಮನಿಗೆ ಮಗಳ್ನ ಕೊಡಂಗಿಲ್ಲ!"

"ಬಂದೂಕ್ರೀ, ಬಂದೂಕು!" ಎಂದೆ ನಾನು.

"ಬಂದೂಕು ತೋರಿಸಿ ಹೆದರಸ್ತೀಯೇನಪಾ?"

ಅಷ್ಟರಲ್ಲಿ ಕಾಕಾ ರೈಫಲ್ಲನ್ನು ಕೂಸಿನಂತೆ ಎತ್ತಿಕೊಂಡು ಓಡಿಬಂದರು. "ಇಕೀನೇ ರೀ ಮುದುಕಿ! ಇಕೀಗೇ ದಾರೂ!"

ಗದ್ದಲಕ್ಕೆ ಎಚ್ಚರಗೊಂಡ ಅಜ್ಜಿ ಕೇಳಿದಳು: "ನನಗೊಂದೀಟೂ ಕೊಡಲಿಲ್ಲಲ್ಲೋ!"

ಬೀಗರು ಚಪ್ಪಲಿ ಸಹಿತ ಹೊಸ್ತಿಲ ಮೇಲೆ ಕುಸಿದು ನಕ್ಕರು. ಮದುವೆ ಅಲ್ಲಿಯೇ ಗಟ್ಟಿಯಾಯಿತು.

ಎಷ್ಟೋ ವರ್ಷಗಳ ಮೇಲೆ ಕಾಕಾ ಹಾಸಿಗೆ ಹಿಡಿದಾಗ ಮಾವನವರು ನೋಡಲು ಬಂದರು. ಕಾಕು ಬಿಳೀ ಔಷಧದ ಚಮಚ ಹಿಡಿದು ಕೂತಿದ್ದಳು. ಕಾಕಾ ಒಂದೇ ಕಣ್ಣು ತೆರೆದರು.

"ಬೀಗರ, ಇಕೀಗೆ ನೀವರ ಹೇಳ್ರೀ. ಹಳೇ ನಳಗಿ ಅದ, ಬಿಳೀದು ಹಾಕಬ್ಯಾಡಂತ."

ಮಾವನವರ ನಗೆಗೆ ಚಮಚವೇ ಚೆಲ್ಲಿತು. ಅವರಿಬ್ಬರ ಕಡೆಯ ಭೇಟಿ ಅದು.

ಈಗ ಭಾನುವಾರ ನಮ್ಮ ಕಿಟ್ಲಿಯಲ್ಲಿ ಮೊದಲು ಚಹಾವೇ.