ಬಾರ್ಡರ್ ಜಯಕ್ಕ

ಜಯಕ್ಕ ಎದುರಿಗೆ ಕೂತವರ ಮುಖ ನೋಡುತ್ತಿರಲಿಲ್ಲ. ಕಿವಿ ನೋಡುತ್ತಿದ್ದಳು, ಜಡೆ ನೋಡುತ್ತಿದ್ದಳು, ಸೆರಗಿನ ನೆರಿಗೆಯನ್ನೇ ದಿಟ್ಟಿಸುತ್ತಿದ್ದಳು. ಹೊಸಬರು ಗಾಬರಿಯಾಗಿ ಮೈಮೇಲೆ ಹುಳ ಹತ್ತಿದೆಯೇನೋ ಎಂದು ಕೊಡವಿಕೊಳ್ಳುತ್ತಿದ್ದರು.

ಕಿಕ್ಕೇರಿಯಲ್ಲಿ ಅವಳ ಗಂಡನದು ಫ್ಲೆಕ್ಸ್ ಅಂಗಡಿ. ಕಂಪ್ಯೂಟರ್ ಮಾತ್ರ ಜಯಕ್ಕನದು. ನಮ್ಮ ಮನೆ ಎದುರಿಗೇ ಇದ್ದುದರಿಂದ ಕಾಲೇಜು ಮುಗಿದ ಮೇಲೆ ನಾನು ಅಲ್ಲೇ ಕೂತಿರುತ್ತಿದ್ದೆ. ಯಾವ ಫೋಟೊ ಬಂದರೂ ಅದರದೊಂದು ಚೂರು ಕತ್ತರಿಸುತ್ತಿದ್ದಳು. ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಪಕ್ಕಕ್ಕಿಟ್ಟು, ಆ ಜೋಡಿಯನ್ನು ಸುತ್ತಲೂ ತಿರುಗಿಸುತ್ತ ಹೋದರೆ ಪರದೆಯ ಮೇಲೊಂದು ಹೂ ಅರಳುತ್ತಿತ್ತು. ಅಂಥ ಹೂಬಳ್ಳಿಗಳೇ ಅವಳ ಫ್ಲೆಕ್ಸಿನ ಅಂಚಿಗೆಲ್ಲ ಬಾರ್ಡರ್.

“ದೇವ್ರು ಒಂದ್ ಮಾಡಿ ಸುಮ್ಕಾಗ್ಬುಟ್ಟವ್ನೆ ಕಣವ್ವಾ. ಅದ್ನೇ ಎಂಟ್ ಮಾಡಿ ಸುತ್ತ ಮಡುಗುದ್ರೆ ಎಂಥದೂ ಊವಾಯ್ತದೆ” ಎನ್ನುತ್ತಿದ್ದಳು.

ನಿವೃತ್ತರಾದ ಮೇಷ್ಟರೊಬ್ಬರು ತಮ್ಮ ಬೀಳ್ಕೊಡುಗೆಯ ಬ್ಯಾನರ್ ನೋಡಿ, “ಮಲ್ಲಿಗೆ ಮೊಗ್ಗಿನ ಸಾಲು ಭಾಳ ಚೆನ್ನಾಗಿ ಬಂದದೆ ಕಣಮ್ಮ” ಎಂದು ಮೆಚ್ಚಿಕೊಂಡರು. ಅದು ಅವರದೇ ಬೋಳುತಲೆ! ಜಯಕ್ಕ ಕೈಮುಗಿದು, “ಎಲ್ಲಾ ನಿಮ್ದೇಯ ಸಾ” ಎಂದಳು. ನಾನು ನಗು ತಡೆಯಲಾರದೆ ಹೊರಗೋಡಿದೆ.

ನನ್ನ ಮದುವೆಯ ಫ್ಲೆಕ್ಸೂ ಅವಳದೇ. ಬೆಳಿಗ್ಗೆ ಛತ್ರದ ಬಾಗಿಲಲ್ಲಿ ಅದನ್ನು ಕಟ್ಟಿದರು. ನೆಂಟರಿಷ್ಟರ ಮುಖಗಳೆಲ್ಲ ಇದ್ದವು. ಶೀಳನೆರೆಯ ನನ್ನ ಸೋದರಮಾವ ಮರೀಗೌಡರದು ಮಾತ್ರ ಇಲ್ಲ. ನನ್ನನ್ನು ಹಸೆಮಣೆಗೆ ಕರೆತರಬೇಕಾದವರೇ ಅವರು. ಮಾವ ಫ್ಲೆಕ್ಸನ್ನು ಮೇಲಿಂದ ಕೆಳಗೆ ನೋಡಿ, ಟವೆಲ್ ಕೊಡವಿ, ಬೈಕ್ ಹತ್ತಿಬಿಟ್ಟರು.

“ಐನೋರ್ದೂ ಆಕವ್ರೆ, ಅಡ್ಗೆಯೋನ್ದೂ ಆಕವ್ರೆ. ನಾನು ಬ್ಯಾಡ್ವಾದೆ. ಅವ್ರ ಕೈಲೇ ದಾರೆ ಎರಸ್ಕಳಿ!”

ಅಪ್ಪ ಬೈಕಿನ ಹ್ಯಾಂಡಲ್ ಹಿಡಿದು ಬೇಡಿಕೊಂಡರು. ಅಮ್ಮ ತನ್ನ ಅಣ್ಣನ ಕಾಲಿಗೆ ಬೀಳಲು ಹೋದಳು. ಅಲಂಕಾರ ಮಾಡಿಸಿಕೊಂಡ ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಆಗ ಜಯಕ್ಕ ಉಪ್ಪಿಟ್ಟಿನ ಕೈಯಲ್ಲೇ ಓಡಿಬಂದಳು.

“ಗೌಡ್ರೇ, ಸುತ್ತಲೂ ಬಳ್ಳಿ ಅದಲ್ಲ, ಅದ್ಯಾರ್ದು ಅಂತ ಒಸಿ ನೋಡಿ.”

“ಬಳ್ಳಿ ಯಾರ್ದಾದ್ರೆ ನಂಗೇನಮ್ಮಿ?”

“ನಿಮ್ ಮೀಸೆ ಕಣಿ ಅದು!”

ಮಾವ ಬೈಕ್ ಆಫ್ ಮಾಡಿ ಇಳಿದರು. ಮೂಗು ತಾಗುವಷ್ಟು ಹತ್ತಿರ ಹೋದರು. ತಮ್ಮ ಮೀಸೆಯ ತುದಿ ಮುಟ್ಟಿಕೊಂಡರು, ಬಳ್ಳಿಯ ಸುರುಳಿ ಮುಟ್ಟಿದರು.

“ಅವ್ರೆಲ್ಲಾ ಒಂದೊಂದ್ ಮೂಲೇಲವ್ರೆ. ನೀವು ಎಲ್ರನ್ನೂ ಸುತ್ತಾಕಂಡಿದ್ದೀರಿ” ಎಂದಳು ಜಯಕ್ಕ.

ಮಾವ ಗಂಟಲು ಸರಿಮಾಡಿಕೊಂಡು, “ಮೂರ್ತ ಮೀರ್ತದೆ, ಮಗೀನ ಕರ್ಕಂಬನ್ನಿ” ಎಂದರು. ಧಾರೆಯಾದ ಮೇಲೆ ಊಟಕ್ಕೂ ಕೂರದೆ ಬಾಗಿಲಲ್ಲೇ ನಿಂತು, ಬಂದವರಿಗೆಲ್ಲ ಬಳ್ಳಿ ತೋರಿಸಿದರು.

ಆಮೇಲೆ ಜಯಕ್ಕನನ್ನು ಗುಟ್ಟಾಗಿ ಕೇಳಿದೆ: “ನಿಜ ಹೇಳು, ಬೇಕಂತಲೇ ಹಾಗೆ ಮಾಡಿದ್ಯಾ?”

“ಇಲ್ಲ ಕಣವ್ವಾ. ಮೀಸೆ ಕತ್ತರ್ಸೋ ಕುಸೀಲಿ ಮೊಕ ಆಕೋದೇ ಮರ್ತ್ಬುಟ್ಟೆ.”

ಹೋದ ವರ್ಷ ಜಯಕ್ಕ ಎದೆನೋವು ಎಂದು ಮಲಗಿದವಳು ಏಳಲಿಲ್ಲ. ಅವಳ ಗಂಡ ಅಂಗಡಿ ಮುಚ್ಚಿದರು. ಮೊನ್ನೆ ನನ್ನ ಮಗಳ ನಾಮಕರಣದ ಫ್ಲೆಕ್ಸ್ ಮಾಡಿಸಲು ಕೆ.ಆರ್. ಪೇಟೆಗೆ ಹೋಗಿದ್ದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೋರಿಸುತ್ತ, “ಗುಲಾಬಿ ಅದೆ, ನವಿಲದೆ, ಯಾವ್ ಬಾರ್ಡರ್ ಆಕ್ಲಿ ಅಕ್ಕಾ?” ಎಂದ. ಎಲ್ಲವೂ ಚೆನ್ನಾಗಿಯೇ ಇದ್ದವು. ತುಂಬ ಹೊತ್ತು ನೋಡಿದೆ.

“ಬಾರ್ಡರ್ ಬೇಡಪ್ಪ, ಮಗು ಹೆಸರು ಹಾಕು ಸಾಕು” ಎಂದೆ.