ತಿಳಿಯಾಗಿದ್ದ ಇನ್ಸುಲಿನ್

ಬೀದಿಯ ಮಕ್ಕಳಿಗೆಲ್ಲ ಅವನು ಮಾತ್ರೆ ಮಾಮ. ತಗಡಿನ ಮಾಡಿನ ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತು, ಡಾಕ್ಟರರ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನೂ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದ. ಅವನ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಎದುರು ಮಹಡಿಯ ಒಂಟಿ ಕೋಣೆಯಲ್ಲಿ ಟೀಚರ್ ಇದ್ದರು. ಶಾಲೆಯಲ್ಲಿ ಅವನಿಗೆ ವಿಜ್ಞಾನ ಕಲಿಸಿದವರು. ಮದುವೆಯಾಗಿರಲಿಲ್ಲ, ಎಪ್ಪತ್ತು ದಾಟಿದರೂ ಯಾರ ಹಂಗೂ ಬೇಡವೆಂದು ಬದುಕಿದವರು. ದಿನಕ್ಕೆರಡು ಬಾರಿ ಇನ್ಸುಲಿನ್ ಕೂಡ ತಾವೇ ಚುಚ್ಚಿಕೊಳ್ಳುತ್ತಿದ್ದರು.

ಹಿಂದೆ ಪ್ರೋಟೀನಿನ ಪಾಠಕ್ಕೆ ಅವರೊಂದು ಉಲ್ಲನ್ ಟೋಪಿ ತಂದಿದ್ದರು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ನೂಲು; ಆ ನೂಲು ತನ್ನ ಸಾಲಿಗೆ ತಕ್ಕಂತೆ ಮಡಿಚಿಕೊಂಡರೆ ಪ್ರೋಟೀನು. ಉಂಡದ್ದನ್ನು ಅರಗಿಸುವುದು, ರಕ್ತದಲ್ಲಿ ಆಮ್ಲಜನಕ ಹೊರುವುದು, ಸ್ನಾಯು ಎಳೆಯುವುದು, ಎಲ್ಲ ಅದರದೇ ಚಾಕರಿ. ಆಮೇಲೆ ಟೋಪಿ ಬಿಚ್ಚಿ, ನೂಲಿನ ರಾಶಿಯನ್ನು ಅವನ ತಲೆಯ ಮೇಲಿಟ್ಟು, "ಒಂದೆಳೆಯೂ ಕಡಿದಿಲ್ಲ. ಆದ್ರೆ ಇದು ಟೋಪಿನಾ? ಬಿಸಿ ತಾಗಿದ್ರೆ ಪ್ರೋಟೀನಿಗೂ ಇದೇ ಗತಿ" ಎಂದಿದ್ದರು. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಒಂದು ಬಿರುಬೇಸಿಗೆಯಲ್ಲಿ ತಂಗಿಯ ಮಗಳ ಮದುವೆಗೆಂದು ಹತ್ತು ದಿನ ಅಂಗಡಿ ಮುಚ್ಚಿದ. ಬಂದು ಬಾಗಿಲು ತೆಗೆದರೆ ಒಲೆಯೊಳಗೆ ಮುಖ ಹಾಕಿದಂತಾಯಿತು. ಫ್ರಿಜ್ ಯಾವಾಗಲೋ ನಿಂತುಹೋಗಿತ್ತು. ಇನ್ಸುಲಿನ್ ಬಾಟಲಿ ಕೈಗೆ ಬೆಚ್ಚಗೆ ತಾಗಿತು. ಕೆಟ್ಟಿದ್ದರೆ ಕದಡಿರಬೇಕೆಂದು ಬೆಳಕಿಗೆ ಹಿಡಿದು ನೋಡಿದ, ನೀರಿನಂತೆ ತಿಳಿಯಾಗಿತ್ತು. ಸುತ್ತಮುತ್ತ ಬೇರೆ ಔಷಧಿ ಅಂಗಡಿಯಿಲ್ಲ, ಹೊಸದು ಬರಲು ವಾರ ಬೇಕು. ಅಷ್ಟರಲ್ಲಿ ಟೀಚರ್ ಮೆಟ್ಟಿಲಿಳಿದು ಬಂದು ನಿಂತಿದ್ದರು.

"ನಿನ್ನೆಗೇ ಮುಗೀತಪ್ಪ. ನಿನ್ನ ದಾರೀನೇ ಕಾಯ್ತಿದ್ದೆ."

ಬರಿಗೈಯಲ್ಲಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಕೊಟ್ಟುಬಿಟ್ಟ.

ಐದನೇ ದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಮಡಿಕೆ ಹಿಡಿದಿಟ್ಟಿದ್ದ ಸಣ್ಣ ಬಂಧಗಳು ಬಿಸಿಗೆ ಸಡಿಲಿ, ಇನ್ಸುಲಿನ್ ಬಹುಪಾಲು ಆಕಾರ ಕಳೆದುಕೊಂಡಿತ್ತು. ಜೀವಕೋಶದ ಬಾಗಿಲು ತೆರೆಸುವವರಿಲ್ಲದೆ ಸಕ್ಕರೆ ರಕ್ತದಲ್ಲೇ ಉಳಿದಿತ್ತು.

ನೋಡಲು ಹೋದವನನ್ನು ಅವರು ಮೆಲ್ಲಗೆ ಕೇಳಿದರು: "ಫ್ರಿಜ್ ಏನಾದ್ರೂ ಕೈ ಕೊಟ್ಟಿತ್ತಾ?"

ಪಕ್ಕದಲ್ಲಿ ಅವರ ಅಣ್ಣನ ಮಗಳು ನಿಂತಿದ್ದಳು. "ಇಲ್ಲ ಟೀಚರ್."

"ಹಾಗಾದ್ರೆ ನಂದೇ ತಪ್ಪು. ಸಿರಿಂಜಿನ ಗೆರೆ ಸರಿಯಾಗಿ ಕಂಡಿಲ್ಲ."

"ಇನ್ನು ನೀವು ಒಬ್ರೇ ಇರೋದು ಬೇಡ ಅತ್ತೆ" ಎಂದಳು ಅವಳು. ವಾರದೊಳಗೆ ಕೋಣೆ ಖಾಲಿಯಾಯಿತು. ಪುಸ್ತಕದ ಡಬ್ಬಗಳನ್ನು ಗಾಡಿಗೇರಿಸಿದವನು ಅವನೇ. ಆಗಲೂ ಬಾಯಿ ಬಿಡಲಿಲ್ಲ.

ಮೂರು ತಿಂಗಳು ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಕೊನೆಗೊಂದು ಭಾನುವಾರ ಅವರಿದ್ದ ಅಣ್ಣನ ಮಗಳ ಮನೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಟೀಚರ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಬಾಟ್ಲಿ ಕೊಟ್ಟಿದ್ದು ಹೋಗ್ಲಿ. ಕೇಳ್ದಾಗ ಹೇಳ್ಬಾರ್ದಿತ್ತಾ? ನನ್ನ ಕಣ್ಣು, ನನ್ನ ಲೆಕ್ಕ, ಯಾವುದನ್ನೂ ನಂಬದೆ ಕೂತಿದ್ದೀನಲ್ಲೋ."

"ವಾಪಸ್ ಬನ್ನಿ ಟೀಚರ್. ಕೋಣೆ ನಾನು ಹುಡುಕ್ತೀನಿ."

"ಈಗ ಸೂಜಿ ಹಿಡಿದ್ರೆ ಕೈ ನಡುಗುತ್ತೆ. ಮೊದಲು ನಡುಗ್ತಿರಲಿಲ್ಲ."

ಅವರು ಹಿಂದಿರುಗಲಿಲ್ಲ. ಇನ್ನೆರಡು ವರ್ಷ ಬದುಕಿದರು. ಅವನು ತಿಂಗಳಿಗೊಮ್ಮೆ ತಂಪು ಡಬ್ಬಿಯಲ್ಲಿ ಔಷಧಿ ಒಯ್ಯುತ್ತಿದ್ದ. ಟೀಚರ್ ಕೂರಿಸಿ ಮಾತಾಡಿಸುತ್ತಿದ್ದರು, ಮನೆಮಂದಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಆದರೆ ಪ್ರತಿ ಬಾಟಲಿಯನ್ನೂ ಕೈಯಲ್ಲಿ ಹಿಡಿದು, ತಣ್ಣಗಿದೆಯೆಂದು ಖಾತ್ರಿಯಾದ ಮೇಲೆಯೇ ಒಳಗೆ ಕಳಿಸುತ್ತಿದ್ದರು. ಅಷ್ಟು ಹೊತ್ತು ಅವನು ತಲೆ ತಗ್ಗಿಸಿ ಕೂತಿರುತ್ತಿದ್ದ.